ಮಿದುಳಿನ ರಕ್ತನಾಳದ ಕೋಶಗಳು ರಾಸಾಯನಿಕ ಸಂಕೇತಕ್ಕೆ ಸ್ಪಂದಿಸುವುದನ್ನು ಅಳೆಯುವ ಬಗೆ: ಕಲಬುರಗಿಯ ಪ್ರಯೋಗಾಲಯಗಳಿಗೊಂದು ಕೈಪಿಡಿ

ಮಿದುಳಿನ ರಕ್ತನಾಳಗಳ ಒಳಮೈಯನ್ನು ಒಂದೇ ಪದರದಲ್ಲಿ ಹೊದ್ದಿರುವ ಎಂಡೋಥೀಲಿಯಲ್ ಕೋಶಗಳ ಮೇಲೆ ಒಂದು ರಾಸಾಯನಿಕವನ್ನು ಹಾಕಿ ಅವು ಏನು ಮಾಡುತ್ತವೆ ಎಂದು ನೋಡುವುದು ಹೇಳುವುದಕ್ಕೆ ಸರಳವಾದ ಪ್ರಯೋಗ. ಇದನ್ನು ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ ತಮ್ಮ ವಿಭಾಗದಲ್ಲಿ ಯಾವ ಉಪಕರಣವಿದೆ ಎಂದು ಮೊದಲು ವಿಚಾರಿಸಿ, ಅದಕ್ಕೆ ಹೊಂದುವ ಪ್ರಯೋಗವನ್ನು ಆಮೇಲೆ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಳ್ಳಬೇಕೆಂಬುದೇ ಇಲ್ಲಿನ ಮುಖ್ಯ ಸಲಹೆ. ಈ ಕೋಶಗಳು ಒಂದೇ ಸಂಕೇತಕ್ಕೆ ಕೆಲವು ಸೆಕೆಂಡುಗಳಲ್ಲಿ ಒಂದು ಉತ್ತರವನ್ನೂ, ಕೆಲವು ನಿಮಿಷಗಳಲ್ಲಿ ಇನ್ನೊಂದನ್ನೂ, ಗಂಟೆಗಳು ಕಳೆದ ಮೇಲೆ ಮತ್ತೊಂದನ್ನೂ ಕೊಡುತ್ತವೆ. ನಮಗೆ ಯಾವ ವೇಳೆಯ ಉತ್ತರ ಬೇಕು ಎಂಬುದನ್ನು ಮೊದಲು ಬರೆದಿಟ್ಟುಕೊಂಡರೆ, ಯಾವ ಬಣ್ಣ, ಯಾವ ಉಪಕರಣ, ಎಷ್ಟು ಪ್ರಮಾಣ, ಯಾವ ನಿಯಂತ್ರಣ (ಹೋಲಿಕೆಗೆಂದು ಇಡುವ ಮಾದರಿ) ಎಂಬುದೆಲ್ಲ ಆ ನಿರ್ಧಾರದ ಹಿಂದೆಯೇ ಬರುತ್ತದೆ.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲಾಗಲಿ, ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾಗಲಿ, ನಗರದ ವೈದ್ಯಕೀಯ ಕಾಲೇಜುಗಳಲ್ಲಾಗಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಅಥವಾ ಪಿಎಚ್.ಡಿ.ಯ ಮೊದಲ ವರ್ಷದಲ್ಲಿ ಈ ವಿಷಯವನ್ನು ಆರಿಸಿಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಕೋಶ ಕೃಷಿಯ ಪ್ರಾಥಮಿಕ ಅಭ್ಯಾಸ, ಅಂದರೆ ಸೋಂಕು ತಾಗದಂತೆ ಕೋಶಗಳನ್ನು ಬೆಳೆಸಿ ಬೇರೆ ಫ್ಲಾಸ್ಕಿಗೆ ವರ್ಗಾಯಿಸುವ ಕೈಗುಣ, ನಿಮಗಿದೆ ಎಂದು ಇಟ್ಟುಕೊಳ್ಳಲಾಗಿದೆ.

ಕೋಶದೊಳಗೆ ನಡೆಯುವುದೇನು

ಬೇರೆ ಅಂಗಗಳ ಲೋಮನಾಳಗಳಿಗೆ ಹೋಲಿಸಿದರೆ ಮಿದುಳಿನ ಲೋಮನಾಳಗಳ ಎಂಡೋಥೀಲಿಯಲ್ ಕೋಶಗಳು ಒಂದಕ್ಕೊಂದು ಬಹಳ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಕ್ಲಾಡಿನ್-5, ಆಕ್ಲೂಡಿನ್ ಮೊದಲಾದ ಪ್ರೋಟೀನುಗಳು ಕಟ್ಟುವ ಈ ಬಿಗಿ ಸಂಧಿಗಳೇ, ರಕ್ತದಲ್ಲಿರುವ ಸಿಕ್ಕ ಸಿಕ್ಕ ವಸ್ತು ಮಿದುಳಿಗೆ ಇಳಿಯದಂತೆ ಕಾಯುವ ಮಿದುಳು-ರಕ್ತ ತಡೆಯ ಆಧಾರ ಎಂಬುದನ್ನು ರೀಸ್ ಮತ್ತು ಕಾರ್ನೋವ್ಸ್ಕಿ ಎಂಬ ವಿಜ್ಞಾನಿಗಳು 1967ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ತಡೆ ಎಂದ ಮಾತ್ರಕ್ಕೆ ಈ ಕೋಶಗಳನ್ನು ಬರಿಯ ಗೋಡೆ ಎಂದುಕೊಳ್ಳಬಾರದು. ರಕ್ತದ ಕಡೆಯಿಂದ ಬರುವ ಬ್ರ್ಯಾಡಿಕೈನಿನ್, ಹಿಸ್ಟಮಿನ್, ಥ್ರಾಂಬಿನ್‌ಗಳಿಗೂ ಮಿದುಳಿನ ಕಡೆಯಿಂದ ಬರುವ ಎಟಿಪಿ (ಕೋಶದೊಳಗೆ ಶಕ್ತಿ ಒದಗಿಸುವ, ಹೊರಬಂದಾಗ ಸಂಕೇತವೂ ಆಗುವ ಅಣು), ಅಸಿಟೈಲ್‌ಕೋಲಿನ್, ಪೊಟ್ಯಾಸಿಯಂ ಅಯಾನುಗಳಿಗೂ ಅವುಗಳ ಪೊರೆಯಲ್ಲಿ ಗ್ರಾಹಕಗಳೋ ಅಯಾನು ವಾಹಿನಿಗಳೋ ಇವೆ. ದೇಹದ ತೂಕದ ಶೇಕಡಾ 2ರಷ್ಟೇ ಇರುವ ಮಿದುಳು ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಬಳಸುವುದರಿಂದ, ನರಕೋಶಗಳು ಚುರುಕಾದ ಕಡೆಗೆ ರಕ್ತವನ್ನು ಆ ಕ್ಷಣವೇ ಹರಿಸುವ ಏರ್ಪಾಡು ಅನಿವಾರ್ಯ. ಆ ಏರ್ಪಾಡಿನಲ್ಲಿ ಈ ಕೋಶಗಳು ಮುಖ್ಯ ಪಾಲುದಾರರು.

ಎಟಿಪಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ಪಿ2ವೈ ಗುಂಪಿನ ಗ್ರಾಹಕಕ್ಕೆ ಕೂತೊಡನೆ ಜಿಕ್ಯೂ ಎಂಬ ಪ್ರೋಟೀನು ಎಚ್ಚೆತ್ತು ಫಾಸ್ಫೋಲೈಪೇಸ್-ಸಿ ಕಿಣ್ವವನ್ನು ಚಾಲನೆಗೊಳಿಸುತ್ತದೆ. ಆ ಕಿಣ್ವ ಪೊರೆಯ ಲಿಪಿಡನ್ನು ಕತ್ತರಿಸಿ ಐಪಿ3 ಎಂಬ ಸಣ್ಣ ಅಣುವನ್ನು ಬಿಡುಗಡೆ ಮಾಡುತ್ತದೆ. ಐಪಿ3 ಹೋಗಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿರುವ ತನ್ನ ಗ್ರಾಹಕವನ್ನು ತೆರೆದಾಗ ಅಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಂ ಕೋಶದ್ರವಕ್ಕೆ ನುಗ್ಗುತ್ತದೆ. ಸಂಗ್ರಹ ಖಾಲಿಯಾದುದನ್ನು ಸ್ಟಿಮ್-1 ಎಂಬ ಪ್ರೋಟೀನು ಗುರುತಿಸಿ ಹೊರಪೊರೆಯ ಒರಾಯ್-1 ವಾಹಿನಿಯನ್ನು ತೆರೆಸುತ್ತದೆ, ಆಗ ಹೊರಗಿನ ಕ್ಯಾಲ್ಸಿಯಂ ಒಳಬರುತ್ತದೆ. ವಿಶ್ರಾಂತಿಯಲ್ಲಿರುವ ಕೋಶದ್ರವದಲ್ಲಿ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್ ಇದ್ದರೆ ಹೊರಗೆ 1ರಿಂದ 2 ಮಿಲಿಮೋಲಾರ್ ಇರುತ್ತದೆ, ಅಂದರೆ ಹತ್ತರಿಂದ ಇಪ್ಪತ್ತು ಸಾವಿರ ಪಟ್ಟು. ಈ ಭಾರಿ ಅಂತರದಿಂದಾಗಿಯೇ ಬಾಗಿಲು ಸ್ವಲ್ಪ ತೆರೆದರೂ ಸಂಕೇತ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿಯವರೆಗಿನದು ಸೆಕೆಂಡುಗಳ ವ್ಯವಹಾರ.

ಏರಿದ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್ ಮೂಲಕ ಎಂಡೋಥೀಲಿಯಂನ ನೈಟ್ರಿಕ್ ಆಕ್ಸೈಡ್ ಸಿಂಥೇಸ್ ಕಿಣ್ವವನ್ನು ಎಬ್ಬಿಸುತ್ತದೆ. ಅದು ತಯಾರಿಸುವ ನೈಟ್ರಿಕ್ ಆಕ್ಸೈಡ್ ಪಕ್ಕದ ನಯಸ್ನಾಯುವಿಗೆ ಹರಿದು ಅದನ್ನು ಸಡಿಲಗೊಳಿಸುತ್ತದೆ. ರಾಬರ್ಟ್ ಫರ್ಚ್‌ಗಾಟ್ ಮತ್ತು ಜವಾಡ್ಸ್ಕಿ 1980ರಲ್ಲಿ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಅಸಿಟೈಲ್‌ಕೋಲಿನ್ ಪ್ರಯೋಗಿಸಿದಾಗ, ಒಳಪದರ ಉಳಿದಿದ್ದ ತುಂಡುಗಳು ಸಡಿಲಗೊಂಡವು, ಒಳಪದರ ಉಜ್ಜಿಹೋಗಿದ್ದ ತುಂಡುಗಳು ಸಡಿಲಗೊಳ್ಳಲಿಲ್ಲ. ಅದುವರೆಗೆ ಈ ಎರಡು ಬಗೆಯ ಫಲಿತಾಂಶಗಳು ಗೊಂದಲ ಹುಟ್ಟಿಸಿದ್ದಕ್ಕೆ ಕಾರಣ ತುಂಡನ್ನು ಸಿದ್ಧಪಡಿಸುವ ಕೈಯ ರೀತಿ. 1998ರ ನೊಬೆಲ್ ಪ್ರಶಸ್ತಿಯವರೆಗೆ ಹೋದ ಈ ಸಂಗತಿಯನ್ನು ಕೈಪಿಡಿಯಲ್ಲಿ ಹೇಳಲು ಕಾರಣವಿದೆ: ಈ ಕೋಶಗಳ ವಿಷಯದಲ್ಲಿ ರಾಸಾಯನಿಕದಷ್ಟೇ ಅದನ್ನು ಹಾಕುವ ಮುನ್ನಿನ ಸಿದ್ಧತೆಯೂ ಫಲಿತಾಂಶವನ್ನು ನಿರ್ಧರಿಸುತ್ತದೆ.

ಯಾವ ಕೋಶಗಳು

ಆರಂಭಿಕರಿಗೆ ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಸಬಲ್ಲ ಎರಡು ಸೆಲ್ ಲೈನ್‌ಗಳು ಸೂಕ್ತ. ಇಲಿಯ ಮಿದುಳಿನಿಂದ ಬಂದ ಬಿ-ಎಂಡ್-3 ಸಾಮಾನ್ಯ ಡಿಎಂಇಎಂ ಮಾಧ್ಯಮದಲ್ಲಿ ಶೇಕಡಾ 10 ಸೀರಮ್‌ನೊಂದಿಗೆ ಬೆಳೆಯುತ್ತದೆ ಮತ್ತು ಅಗ್ಗ. ಮಾನವ ಮಿದುಳಿನಿಂದ ಬಂದು 2005ರಲ್ಲಿ ಪ್ರಕಟವಾದ ಎಚ್‌ಸಿಎಂಇಸಿ-ಡಿ3ಕ್ಕೆ ಕೊಲಾಜೆನ್ ಲೇಪಿಸಿದ ತಟ್ಟೆ, ಬೆಳವಣಿಗೆ ಅಂಶಗಳಿರುವ ದುಬಾರಿ ಮಾಧ್ಯಮ ಬೇಕು. 35ನೇ ಪ್ಯಾಸೇಜ್, ಅಂದರೆ ಹೊಸ ಫ್ಲಾಸ್ಕಿಗೆ 35ನೇ ಸಲದ ವರ್ಗಾವಣೆ, ದಾಟಿದ ಮೇಲೆ ಅದನ್ನು ಬಳಸದಿರುವುದು ವಾಡಿಕೆ. ಹಣ ಕಡಿಮೆ ಇದ್ದರೆ ಮೊದಲನೆಯದೇ ಸಾಕು ಎಂಬುದು ನನ್ನ ಅಭಿಪ್ರಾಯ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವು ಸಂಶೋಧನಾ ಸಂಸ್ಥೆಗಳಿಗೆ ಸೆಲ್ ಲೈನ್‌ಗಳನ್ನು ಒದಗಿಸುತ್ತದೆ. ಬೇಕಾದ ಲೈನ್ ಅಲ್ಲಿ ಲಭ್ಯವಿದೆಯೇ ಎಂದು ಮೊದಲು ಅಲ್ಲಿ ವಿಚಾರಿಸುವುದು ಲೇಸು. ಸೊಲ್ಲಾಪುರದ ಮೇಲಿಂದ ಬರುವ ಪಾರ್ಸೆಲ್ಲು ಏಪ್ರಿಲ್-ಮೇ ತಿಂಗಳಲ್ಲಿ ದಾರಿಯಲ್ಲಿ ಅರ್ಧ ದಿನ ತಡವಾದರೂ ಕೋಶಗಳು ಉಳಿಯುವುದು ಕಷ್ಟ, ಆದ್ದರಿಂದ ಮಳೆಗಾಲ ಹಿಡಿದ ಮೇಲೆ ತರಿಸಿಕೊಳ್ಳಿ.

ಬಂದ ಕೋಶಗಳನ್ನು ಬೇಗ ಬೆಳೆಸಿ ಹಲವು ವಯಲುಗಳಲ್ಲಿ ದ್ರವ ಸಾರಜನಕದಲ್ಲಿ ಕೂಡಿಡಬೇಕು. ಸಾರಜನಕ ತುಂಬಿಸಿಕೊಡುವವರು ಯಾರು ಎಂದು ಗೊತ್ತಿಲ್ಲದಿದ್ದರೆ ಪಶುವೈದ್ಯ ಆಸ್ಪತ್ರೆಯಲ್ಲಿ ಕೇಳಿ. ದನಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳನ್ನೂ ಅದೇ ದ್ರವದಲ್ಲಿ ಇಡುವುದರಿಂದ ಅವರಿಗೆ ಪೂರೈಕೆದಾರರ ಪರಿಚಯವಿರುತ್ತದೆ. ಪ್ರಯೋಗಕ್ಕೆ ಮುನ್ನ ಎರಡು ತಪಾಸಣೆಗಳನ್ನು ಬಿಡುವಂತಿಲ್ಲ: ಪಿಸಿಆರ್ ಮೂಲಕ ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯದ ಸೋಂಕಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಈ ಕೋಶಗಳ ಗುರುತಿನ ಪ್ರೋಟೀನುಗಳಾದ ಸಿಡಿ31 ಮತ್ತು ಕ್ಲಾಡಿನ್-5ಕ್ಕೆ ಅಂಟುವ ಪ್ರತಿಕಾಯಗಳಿಂದ ಬಣ್ಣ ಹಚ್ಚಿ ಅವು ನಿಜಕ್ಕೂ ಎಂಡೋಥೀಲಿಯಲ್ ಕೋಶಗಳೇ ಎಂದು ನೋಡಿಕೊಳ್ಳುವುದು. ಇಲಿ-ಹೆಗ್ಗಣಗಳ ಮಿದುಳಿನಿಂದ ನೇರವಾಗಿ ಕೋಶಗಳನ್ನು ತೆಗೆಯುವ ಯೋಚನೆಯಿದ್ದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಲಿಖಿತ ಅನುಮತಿ ಮೊದಲು ಸಿಗಬೇಕು. ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಆ ದಾರಿ ಹಿಡಿಯಬೇಡಿ.

ನೀರು, ಧಗೆ ಮತ್ತು ಕರೆಂಟು

ಕೈಪಿಡಿಗಳಲ್ಲಿ ಬರೆಯದೆ ಬಿಟ್ಟಿರುವ, ನಮ್ಮ ಭಾಗದಲ್ಲಿ ಮಾತ್ರ ಕಾಡುವ ಸಂಗತಿಗಳು ಇಲ್ಲಿವೆ. ಶಹಾಬಾದ್ ಕಲ್ಲಿನ ಗಣಿಗಳೂ ಸೇಡಂ, ಚಿತ್ತಾಪುರ, ವಾಡಿ ಸುತ್ತಿನ ಸಿಮೆಂಟು ಕಾರ್ಖಾನೆಗಳೂ ನಮ್ಮಲ್ಲಿರುವುದು ನೆಲದಡಿ ಸುಣ್ಣಕಲ್ಲು ಇರುವುದರಿಂದ. ಆ ಕಲ್ಲಿನ ಮೂಲಕ ಬರುವ ಬೋರ್‌ವೆಲ್ ನೀರು ಗಡುಸು. ಬೀಕರನ್ನು ಆ ನೀರಿನಲ್ಲಿ ತೊಳೆದು ಒರಗಿಸಿಟ್ಟರೆ ಒಣಗಿದ ಮೇಲೆ ಅಂಚಿನಲ್ಲಿ ಬಿಳಿಯ ಉಂಗುರ ಉಳಿಯುತ್ತದೆ. ಆ ಉಂಗುರದಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟು. ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಇದ್ದರೆ ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿ 4 ಮಿಲಿಮೋಲಾರ್ ಆಗುತ್ತದೆ, ನಾವು ಬಫರಿಗೆ ಉದ್ದೇಶಪೂರ್ವಕವಾಗಿ ಹಾಕುವ 1.5 ಮಿಲಿಮೋಲಾರ್ ಕ್ಯಾಲ್ಸಿಯಂಗಿಂತ ಬಹಳ ಹೆಚ್ಚು. ಕ್ಯಾಲ್ಸಿಯಂ ಇಲ್ಲದ ದ್ರಾವಣ ಎಂದು ಚೀಟಿ ಅಂಟಿಸಿದ ಬಾಟಲಿಯಲ್ಲಿ ಕ್ಯಾಲ್ಸಿಯಂ ಇದ್ದರೆ ಇಡೀ ತರ್ಕ ಕುಸಿಯುತ್ತದೆ. ಆದ್ದರಿಂದ ಈ ಪ್ರಯೋಗದ ಗಾಜನ್ನು ಪ್ರತ್ಯೇಕವಾಗಿಟ್ಟು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಡಿಅಯಾನೈಸ್ ಮಾಡಿದ ನೀರಿನಲ್ಲಿ ಹಲವು ಸಲ ಜಾಲಾಡಬೇಕು. ದ್ರಾವಣಗಳಿಗೆ 18.2 ಮೆಗಾಓಮ್ ರೋಧದ ಅತಿಶುದ್ಧ ನೀರನ್ನೇ ಬಳಸಬೇಕು. ಸಾಧ್ಯವಾದರೆ ಗಾಜಿನ ಬದಲು ಹೊಸ ಪ್ಲಾಸ್ಟಿಕ್ ನಳಿಕೆಗಳಲ್ಲಿ ಇಡಿ.

ಇನ್‌ಕ್ಯುಬೇಟರಿನ ವಿಷಯ ಇನ್ನೂ ಮುಖ್ಯ. ಸಾಮಾನ್ಯ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರುಗಳಿಗೆ ಬಿಸಿ ಮಾಡುವ ವ್ಯವಸ್ಥೆ ಮಾತ್ರ ಇರುತ್ತದೆ, ತಣಿಸುವ ವ್ಯವಸ್ಥೆ ಇರುವುದಿಲ್ಲ. ಒಳಗೆ 37 ಡಿಗ್ರಿ ನಿಲ್ಲಬೇಕಾದರೆ ಹೊರಗಿನ ಕೋಣೆ ಅದಕ್ಕಿಂತ ಸುಮಾರು 5 ಡಿಗ್ರಿಯಾದರೂ ತಂಪಾಗಿರಬೇಕು. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಸಂಜೆ ಎ.ಸಿ. ಆರಿಸಿ ಬೀಗ ಹಾಕಿಕೊಂಡು ಹೋದರೆ ಇನ್‌ಕ್ಯುಬೇಟರು ತಾನಾಗಿ 37ನ್ನು ಮೀರುತ್ತದೆ, ಬೆಳಿಗ್ಗೆ ಬಾಗಿಲು ತೆರೆಯುವ ವೇಳೆಗೆ ಮತ್ತೆ ಸರಿಯಾದ ಅಂಕಿಯನ್ನೇ ತೋರಿಸುತ್ತಿರಬಹುದು. ಶಾಖದ ಆಘಾತಕ್ಕೊಳಗಾದ ಕೋಶಗಳು ನೋಡಲು ಚೆನ್ನಾಗಿಯೇ ಇದ್ದರೂ ಸಂಕೇತಗಳಿಗೆ ಬೇರೆ ರೀತಿ ಸ್ಪಂದಿಸುತ್ತವೆ. ಗರಿಷ್ಠ-ಕನಿಷ್ಠ ಎರಡನ್ನೂ ದಾಖಲಿಸುವ ಒಂದು ಥರ್ಮಾಮೀಟರನ್ನು ಒಳಗಿಡುವುದು ಇದಕ್ಕೆ ಅಗ್ಗದ ಪರಿಹಾರ. ಕರೆಂಟು ಹೋದಾಗ ಬಾಗಿಲನ್ನು ಮುಟ್ಟಬೇಡಿ, ಮುಚ್ಚಿದ ಪೆಟ್ಟಿಗೆ ಶಾಖವನ್ನು ಸಾಕಷ್ಟು ಹೊತ್ತು ಹಿಡಿದಿಡುತ್ತದೆ.

ಸೆಕೆಂಡುಗಳ ಉತ್ತರ: ಕ್ಯಾಲ್ಸಿಯಂ ಅಳೆಯುವುದು

ಮೊದಲ ಪ್ರಯೋಗಕ್ಕೆ ಎಟಿಪಿಯನ್ನು ಸಂಕೇತವಾಗಿಯೂ ಕ್ಯಾಲ್ಸಿಯಂ ಸೇರಿದಾಗ ಹೊಳೆಯುವ ಫ್ಲೂಓ-4 ಎಎಂ ಎಂಬುದನ್ನು ಬಣ್ಣವಾಗಿಯೂ ಆರಿಸಿಕೊಳ್ಳಿ (ಎಎಂ ಎಂದರೆ ಪೊರೆ ದಾಟಿ ಕೋಶದೊಳಗೆ ಹೋಗುವಂತೆ ಮಾಡಿದ ರೂಪ). ರೋಜರ್ ಚೆನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಫ್ಯೂರಾ-2 ಹೆಚ್ಚು ನಿಖರ ನಿಜ, ಆದರೆ ಅದಕ್ಕೆ 340 ಮತ್ತು 380 ನ್ಯಾನೋಮೀಟರುಗಳ ನಡುವೆ ಬೇಗ ಬೇಗ ಬದಲಾಗುವ ಅತಿನೇರಳೆ ಬೆಳಕು ಬೇಕು. ಫ್ಲೂಓ-4ಕ್ಕೆ ಹಸಿರು ಪ್ರತಿದೀಪ್ತಿಯ ಮಾಮೂಲಿ ಸೂಕ್ಷ್ಮದರ್ಶಕವೂ ಒಂದು ಕ್ಯಾಮರಾವೂ ಸಾಕು. 50 ಮೈಕ್ರೋಗ್ರಾಂನ ಒಂದು ವಯಲಿಗೆ ಸುಮಾರು 46 ಮೈಕ್ರೋಲೀಟರ್ ನೀರಿನಂಶವಿಲ್ಲದ ದ್ರಾವಕ ಡಿಎಂಎಸ್‌ಒ ಹಾಕಿದರೆ 1 ಮಿಲಿಮೋಲಾರ್ ಸಂಗ್ರಹ ದ್ರಾವಣ ಸಿಗುತ್ತದೆ. ವಯಲನ್ನು ಫ್ರೀಜರಿನಿಂದ ತೆಗೆದೊಡನೆ ತೆರೆಯದೆ ಕೋಣೆಯ ಶಾಖಕ್ಕೆ ಬರುವವರೆಗೆ ಕಾಯಿರಿ. ಇಲ್ಲದಿದ್ದರೆ ಮಳೆಗಾಲದ ತೇವ ಒಳಗೆ ಇಳಿದು ಬಣ್ಣ ಕೆಡುತ್ತದೆ.

ಅಳತೆಯ ಬಫರು ಲೀಟರಿಗೆ ಸೋಡಿಯಂ ಕ್ಲೋರೈಡ್ 145, ಪೊಟ್ಯಾಸಿಯಂ ಕ್ಲೋರೈಡ್ 5, ಕ್ಯಾಲ್ಸಿಯಂ ಕ್ಲೋರೈಡ್ 1.5, ಮೆಗ್ನೀಸಿಯಂ ಕ್ಲೋರೈಡ್ 1, ಗ್ಲುಕೋಸ್ 10 ಮತ್ತು ಹೆಪೆಸ್ 10 ಮಿಲಿಮೋಲ್ ಇರುವಂತೆ ಮಾಡಿ, ಪಿಎಚ್ 7.4ಕ್ಕೆ ತನ್ನಿ. ಬೈಕಾರ್ಬೊನೇಟ್ ಇರುವ ಮಾಧ್ಯಮವನ್ನು ಇನ್‌ಕ್ಯುಬೇಟರಿನ ಹೊರಗೆ ಬಳಸಿದರೆ ಪಿಎಚ್ ಏರುತ್ತಾ ಹೋಗುವುದರಿಂದ ಹೆಪೆಸ್ ಅಗತ್ಯ. ಕ್ಯಾಲ್ಸಿಯಂ ಇಲ್ಲದ ಬಫರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬಿಟ್ಟು ಉಳಿದ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಇಜಿಟಿಎಯನ್ನು 0.5 ಮಿಲಿಮೋಲಾರ್ ಸೇರಿಸಿ, ಸೇರಿಸಿದ ಮೇಲೆ ಪಿಎಚ್ಚನ್ನು ಮತ್ತೆ ನೋಡಿ. ಎಟಿಪಿಯ ಸೋಡಿಯಂ ಲವಣ ಆಮ್ಲೀಯವಾದ್ದರಿಂದ 100 ಮಿಲಿಮೋಲಾರ್ ಸಂಗ್ರಹವನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ತಟಸ್ಥಗೊಳಿಸಿ, ಸಣ್ಣ ಸಣ್ಣ ಪಾಲುಗಳಾಗಿ ಫ್ರೀಜ್ ಮಾಡಿ. ಒಮ್ಮೆ ಕರಗಿದ ಪಾಲನ್ನು ಮತ್ತೆ ಫ್ರೀಜರಿಗೆ ಹಾಕಬಾರದು.

ಗಾಜಿನ ಕವರ್‌ಸ್ಲಿಪ್ ಮೇಲೆ ಕೋಶಗಳು ಪೂರ್ತಿ ಒತ್ತಾಗಿ ಬೆಳೆದ ಮೇಲೆ, ಕೆಲವು ಗಂಟೆ ಕಡಿಮೆ ಸೀರಮ್‌ನಲ್ಲಿಡಿ, ಏಕೆಂದರೆ ಸೀರಮ್ ತಾನೇ ಈ ಕೋಶಗಳನ್ನು ಕೆಣಕುವ ಹಲವು ಲಿಪಿಡ್ ಸಂಕೇತಗಳನ್ನು ಹೊತ್ತಿರುತ್ತದೆ. ಬಳಿಕ 2 ಮೈಕ್ರೋಮೋಲಾರ್ ಬಣ್ಣವನ್ನು ಬಣ್ಣ ನೀರಿನಲ್ಲಿ ಹರಡಲು ನೆರವಾಗುವ ಶೇಕಡಾ 0.02 ಪ್ಲೂರಾನಿಕ್ ಎಫ್-127ರೊಂದಿಗೆ 30 ನಿಮಿಷ ಕತ್ತಲೆಯಲ್ಲಿ ಕುಡಿಸಿ, ತೊಳೆದು, ಇನ್ನೂ 20ರಿಂದ 30 ನಿಮಿಷ ಬಿಡಿ. ವಿಧಾನಪತ್ರಗಳು ಇದನ್ನು ಕೋಣೆಯ ಉಷ್ಣಾಂಶದಲ್ಲಿ ಮಾಡಿ ಎಂದಾಗ ಅವರ ಲೆಕ್ಕದಲ್ಲಿರುವುದು 20ರಿಂದ 25 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ಕೋಣೆಯಲ್ಲಿ ಅದೇ ಕೆಲಸ ಮಾಡಿದರೆ ಬಣ್ಣ ಕೋಶದ್ರವದಲ್ಲಿ ನಿಲ್ಲದೆ ಒಳಗಿನ ಅಂಗಕಗಳಿಗೂ ಸೇರಿಕೊಳ್ಳುತ್ತದೆ. ಹಾಗಾದಾಗ ಕೋಶ ಸಮವಾಗಿ ಹೊಳೆಯುವ ಬದಲು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಅಂಥ ಕವರ್‌ಸ್ಲಿಪ್ಪನ್ನು ಬಿಟ್ಟುಬಿಡಿ. ಮಿದುಳಿನ ಎಂಡೋಥೀಲಿಯಲ್ ಕೋಶಗಳಿಗೆ ಇನ್ನೊಂದು ತೊಡಕಿದೆ. ಔಷಧಗಳನ್ನು ಹೊರದಬ್ಬುವ ಪಿ-ಗ್ಲೈಕೋಪ್ರೋಟೀನ್ ಪಂಪು ಅವುಗಳಲ್ಲಿ ಹೇರಳವಾಗಿದ್ದು, ಎಎಂ ರೂಪದ ಬಣ್ಣಗಳನ್ನೂ ಅದು ಪೊರೆಯಲ್ಲೇ ತಡೆದು ಹಿಂದಕ್ಕೆ ಕಳಿಸುತ್ತದೆ. ಬೇರೆ ಕೋಶಗಳಲ್ಲಿ ಚೆನ್ನಾಗಿ ಬರುವ ಬಣ್ಣ ಇಲ್ಲಿ ಮಂಕಾಗಿ ಬಂದರೆ ಮೊದಲ ಅನುಮಾನ ಈ ಪಂಪಿನ ಮೇಲಿರಲಿ, ಪ್ರಮಾಣವನ್ನು ಎರಡರಿಂದ ನಾಲ್ಕು ಮೈಕ್ರೋಮೋಲಾರಿಗೆ ಏರಿಸಿ ನೋಡಿ.

ಈಗ ಅಳತೆ. ಕವರ್‌ಸ್ಲಿಪ್ ಕೂರಿಸಿದ ಅಳತೆಯ ಪುಟ್ಟ ಕೋಣೆಯಲ್ಲಿ 900 ಮೈಕ್ರೋಲೀಟರ್ ಬಫರ್ ಇರಲಿ, ಸೆಕೆಂಡಿಗೊಂದು ಚಿತ್ರದಂತೆ ಕ್ಯಾಮರಾ ಓಡಲಿ, ಬೆಳಕು ಆದಷ್ಟು ಕಡಿಮೆ ಇರಲಿ. ಒಂದು ನಿಮಿಷ ಏನೂ ಮಾಡದೆ ಆಧಾರರೇಖೆಯನ್ನು ಪಡೆಯಿರಿ. ಅನಂತರ ಹತ್ತು ಪಟ್ಟು ಗಾಢವಾದ ಎಟಿಪಿಯನ್ನು 100 ಮೈಕ್ರೋಲೀಟರಿನಷ್ಟು ಕೋಣೆಯ ಅಂಚಿನಿಂದ ನಿಧಾನವಾಗಿ ಬಿಡಿ. 10 ಮೈಕ್ರೋಮೋಲಾರ್ ಎಟಿಪಿಗೆ ಚೆನ್ನಾದ ಕೋಶಗಳು ಕೆಲವೇ ಸೆಕೆಂಡುಗಳಲ್ಲಿ ಒಂದಾದ ಮೇಲೊಂದರಂತೆ ಹೊತ್ತಿಕೊಳ್ಳುತ್ತವೆ: ಮೊದಲು ಒಂದು ಚೂಪಾದ ಶಿಖರ, ಬಳಿಕ ಆಧಾರರೇಖೆಗಿಂತ ಮೇಲೆಯೇ ನಿಲ್ಲುವ ಒಂದು ತಗ್ಗಿದ ಮಟ್ಟ, ಕೆಲವು ಕೋಶಗಳಲ್ಲಿ ಮತ್ತೆ ಮತ್ತೆ ಏಳುವ ಸಣ್ಣ ಅಲೆಗಳು. ಐದು ನಿಮಿಷ ದಾಖಲಿಸಿ. ಇದನ್ನು ಪ್ಲೇಟ್ ರೀಡರಿನಲ್ಲಿ ಮಾಡುವವರು ಗಮನಿಸಬೇಕು: ದ್ರಾವಣವನ್ನು ತಾನೇ ಚುಚ್ಚುವ ಸಾಧನ ಆ ಯಂತ್ರದಲ್ಲಿ ಇಲ್ಲದಿದ್ದರೆ, ತಟ್ಟೆಯನ್ನು ಹೊರತೆಗೆದು ಎಟಿಪಿ ಹಾಕಿ ಮತ್ತೆ ಒಳಗಿಡುವಷ್ಟರಲ್ಲಿ ಶಿಖರ ಕಳೆದುಹೋಗಿರುತ್ತದೆ, ಸಿಗುವುದು ತಗ್ಗಿದ ಮಟ್ಟ ಮಾತ್ರ.

ಎಟಿಪಿಗಿಂತ ಮೊದಲು ಬರಿಯ ಬಫರನ್ನು ಅದೇ ಪ್ರಮಾಣದಲ್ಲಿ, ಅದೇ ವೇಗದಲ್ಲಿ ಹಾಕಿ ನೋಡುವುದನ್ನು ಯಾರೂ ಬಿಡಬಾರದು. ರಕ್ತನಾಳದ ಕೋಶಗಳು ಹರಿವನ್ನು ಗುರುತಿಸುವ ಕೋಶಗಳು. ಪಿಪೆಟ್ಟಿನಿಂದ ರಭಸವಾಗಿ ದ್ರಾವಣ ಬಿದ್ದರೆ ಆ ಒತ್ತಡಕ್ಕೇ ಅವು ತಮ್ಮೊಳಗಿನ ಎಟಿಪಿಯನ್ನು ಹೊರಬಿಟ್ಟು ತಾವೇ ಅದಕ್ಕೆ ಸ್ಪಂದಿಸುತ್ತವೆ. ನೀವು ಹಾಕಿದ ಸಂಕೇತದ ಉತ್ತರ ಯಾವುದು, ನಿಮ್ಮ ಹೆಬ್ಬೆರಳಿನ ಉತ್ತರ ಯಾವುದು ಎಂದು ಬೇರ್ಪಡಿಸಲು ಬರಿಯ ಬಫರಿನ ದಾಖಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಎಟಿಪಿಯನ್ನು ಒಡೆಯುವ ಅಪೈರೇಸ್ ಕಿಣ್ವ ಸೇರಿಸಿದಾಗ ಬರಿಯ ಬಫರಿನ ಪ್ರತಿಕ್ರಿಯೆಯೂ ಅಡಗಿದರೆ ಅನುಮಾನ ದೃಢವಾಗುತ್ತದೆ.

ಪ್ರಮಾಣದ ರೇಖೆಯನ್ನು 0.1, 0.3, 1, 3, 10, 30, 100 ಮೈಕ್ರೋಮೋಲಾರ್ ಮೆಟ್ಟಿಲುಗಳಲ್ಲಿ ಎಳೆಯಿರಿ. ಪ್ರತಿ ಪ್ರಮಾಣಕ್ಕೂ ಹೊಸ ಕವರ್‌ಸ್ಲಿಪ್ ಬಳಸಿ. ಒಂದೇ ಕವರ್‌ಸ್ಲಿಪ್ ಮೇಲೆ ಏರುಕ್ರಮದಲ್ಲಿ ಹಾಕುತ್ತಾ ಹೋದರೆ ಗ್ರಾಹಕಗಳು ಮೊದಲ ಸಲಕ್ಕೇ ಮಂದವಾಗಿ, ದೊಡ್ಡ ಪ್ರಮಾಣಕ್ಕೆ ಸಣ್ಣ ಉತ್ತರ ಬರುತ್ತದೆ. ಹಾಗೆಯೇ ಕೋಶಗಳ ಹೊರಮೈಯ ಕಿಣ್ವಗಳು ಎಟಿಪಿಯನ್ನು ಹಂತಹಂತವಾಗಿ ಅಡಿನೋಸಿನ್‌ವರೆಗೆ ಒಡೆಯುವುದರಿಂದ, ಕೊನೆಯ ನಿಮಿಷಗಳಲ್ಲಿ ಕಾಣುವ ಬದಲಾವಣೆ ಎಟಿಪಿಯದೇ ಎಂದು ಬರೆಯುವಂತಿಲ್ಲ.

ಕ್ಯಾಲ್ಸಿಯಂ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಕ್ಯಾಲ್ಸಿಯಂ ಇಲ್ಲದ ಬಫರಿಗೆ ಬದಲಾಯಿಸಿದ ಒಂದೆರಡು ನಿಮಿಷಗಳಲ್ಲೇ ಎಟಿಪಿ ಹಾಕಿ. ಶಿಖರ ಉಳಿದು ತಗ್ಗಿದ ಮಟ್ಟ ಮಾತ್ರ ಮಾಯವಾದರೆ, ಶಿಖರ ಒಳಗಿನ ಸಂಗ್ರಹದ್ದು, ಮಟ್ಟ ಹೊರಗಿನದು. ಬಹಳ ಹೊತ್ತು ಆ ಬಫರಿನಲ್ಲೇ ಬಿಟ್ಟರೆ ಒಳಗಿನ ಸಂಗ್ರಹವೂ ಸೋರಿ, ಕೋಶಗಳ ನಡುವಿನ ಸಂಧಿಗಳೂ ಬಿಚ್ಚಿಕೊಂಡು ಪ್ರಯೋಗ ಅರ್ಥಹೀನವಾಗುತ್ತದೆ. ಇನ್ನೊಂದು ಕವರ್‌ಸ್ಲಿಪ್ಪಿನಲ್ಲಿ 1 ಮೈಕ್ರೋಮೋಲಾರ್ ಥಾಪ್ಸಿಗಾರ್ಗಿನ್ ಹಾಕಿ ಸಂಗ್ರಹವನ್ನು ಮೊದಲೇ ಬರಿದು ಮಾಡಿದಾಗ ಶಿಖರವೂ ಏಳದಿದ್ದರೆ ತೀರ್ಮಾನ ಗಟ್ಟಿಯಾಯಿತು. ಥಾಪ್ಸಿಗಾರ್ಗಿನ್ ವಿಷಕಾರಿ, ಡಿಎಂಎಸ್‌ಒದಲ್ಲಿ ಕರಗಿರುವಾಗ ಚರ್ಮದ ಮೂಲಕವೂ ಇಳಿಯಬಲ್ಲದು. ಕೈಗವಸು ತೊಟ್ಟೇ ಮುಟ್ಟಿ. ಡಿಎಂಎಸ್‌ಒ ಅಂತಿಮವಾಗಿ ಶೇಕಡಾ 0.1 ಮೀರಬಾರದು ಮತ್ತು ನಿಯಂತ್ರಣದ ತಟ್ಟೆಯಲ್ಲೂ ಅಷ್ಟೇ ಇರಬೇಕು. ಪ್ರತಿ ದಾಖಲೆಯ ಕೊನೆಗೆ, ಪೊರೆಯ ಮೂಲಕ ಕ್ಯಾಲ್ಸಿಯಂ ಅನ್ನು ಒಳಬಿಡುವ ಅಯನೋಮೈಸಿನ್ ಹಾಕಿ ಗರಿಷ್ಠ ಹೊಳಪನ್ನು ಪಡೆಯಿರಿ. ಅದಕ್ಕೂ ಏಳದ ಕೋಶ ಸತ್ತಿದೆ ಅಥವಾ ಬಣ್ಣ ಕುಡಿದಿಲ್ಲ, ಸ್ಪಂದಿಸದ ಕೋಶಗಳ ಲೆಕ್ಕಕ್ಕೆ ಅದನ್ನು ಸೇರಿಸಬಾರದು.

ಲೆಕ್ಕಕ್ಕೆ ಉಚಿತವಾಗಿ ಸಿಗುವ ಇಮೇಜ್-ಜೆ ತಂತ್ರಾಂಶ ಸಾಕು. ಒಂದು ಕೋಶದ ಆಧಾರ ಹೊಳಪು 200, ಶಿಖರ 700, ಕೋಶಗಳಿಲ್ಲದ ಜಾಗದ ಹೊಳಪು 50 ಎಂದುಕೊಳ್ಳಿ. ಹಿನ್ನೆಲೆಯನ್ನು ಕಳೆಯದೆ ಹೋದರೆ ಏರಿಕೆ 500ನ್ನು 200ರಿಂದ ಭಾಗಿಸಿ 2.5 ಬರುತ್ತದೆ. ಕಳೆದರೆ ಆಧಾರ 150 ಆಗಿ ಉತ್ತರ 3.3 ಬರುತ್ತದೆ. ಒಂದೇ ಕೋಶದ ಒಂದೇ ದಾಖಲೆಯಲ್ಲಿ ಇಷ್ಟು ಅಂತರವಿರುವುದರಿಂದ, ಹಿನ್ನೆಲೆ ಕಳೆಯುವ ಕ್ರಮವನ್ನು ಎಲ್ಲ ತಟ್ಟೆಗಳಿಗೂ ಒಂದೇ ರೀತಿ ಅನುಸರಿಸಿ.

ನಿಮಿಷಗಳ ಉತ್ತರ

ನೈಟ್ರಿಕ್ ಆಕ್ಸೈಡನ್ನು ಅಳೆಯಲು, ಅದರಿಂದ ಉಂಟಾಗುವ ನೈಟ್ರೈಟಿಗೆ ಬಣ್ಣ ಬರಿಸುವ ಗ್ರೀಸ್ ಕ್ರಿಯೆಯನ್ನು ಎಲ್ಲರೂ ಸೂಚಿಸುತ್ತಾರೆ. ಅದರ ಗುರುತಿಸುವ ಮಿತಿ ಸುಮಾರು 1 ಮೈಕ್ರೋಮೋಲಾರ್ ನೈಟ್ರೈಟ್. ಈ ಕೋಶಗಳು ಕೆಲವು ನಿಮಿಷಗಳಲ್ಲಿ ಬಿಡುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆದ್ದರಿಂದ ಡಿಎಎಫ್-ಎಫ್‌ಎಂ ಡೈಅಸಿಟೇಟ್ ಎಂಬ ಬಣ್ಣವನ್ನು ಬಳಸುವುದು ಉತ್ತಮ. ಅದು ನೈಟ್ರಿಕ್ ಆಕ್ಸೈಡಿನೊಂದಿಗೆ ಒಮ್ಮೆ ಕೂಡಿದರೆ ಬಿಡುವುದಿಲ್ಲ, ಹೊಳಪು ಏರುತ್ತಲೇ ಹೋಗುತ್ತದೆ. ಇಲ್ಲಿ ಅಳೆಯಬೇಕಾದುದು ಶಿಖರವನ್ನಲ್ಲ, ರೇಖೆಯ ಇಳಿಜಾರನ್ನು. ನೈಟ್ರಿಕ್ ಆಕ್ಸೈಡ್ ಸಿಂಥೇಸನ್ನು ತಡೆಯುವ ಎಲ್-ನೇಮ್ 100 ಮೈಕ್ರೋಮೋಲಾರ್ ಇದ್ದಾಗ ಆ ಏರಿಕೆ ನಿಲ್ಲಬೇಕು, ನಿಲ್ಲದಿದ್ದರೆ ನೀವು ನೋಡುತ್ತಿರುವುದು ಬೇರೇನೋ. ಇದೇ ವೇಳೆಯಲ್ಲಿ ಥ್ರಾಂಬಿನ್ ಹಾಕಿದ ಕೋಶಗಳು ರೋ-ಎ ಎಂಬ ಪ್ರೋಟೀನಿನ ದಾರಿಯಿಂದ ಸಂಕುಚಿಸಿ ನಡುವೆ ಸಂದು ಬಿಡುವುದನ್ನು ಕೋಶದ ಆಕ್ಟಿನ್ ಎಳೆಗಳಿಗೆ ಅಂಟುವ ಫ್ಯಾಲಾಯ್ಡಿನ್ ಬಣ್ಣದಲ್ಲಿ ಕಾಣಬಹುದು.

ಗಂಟೆಗಳ ಉತ್ತರ

ಉರಿಯೂತದ ಸಂಕೇತವಾದ ಟಿಎನ್‌ಎಫ್-ಆಲ್ಫಾವನ್ನು ಮಿಲಿಲೀಟರಿಗೆ 10 ನ್ಯಾನೋಗ್ರಾಂ ಹಾಕಿದರೆ ಸುಮಾರು ಅರ್ಧ ಗಂಟೆಯಲ್ಲಿ ಎನ್‌ಎಫ್-ಕಪ್ಪಾ-ಬಿಯ ಪಿ65 ಪ್ರೋಟೀನು ಕೋಶಕೇಂದ್ರಕ್ಕೆ ಸೇರುತ್ತದೆ, 4ರಿಂದ 24 ಗಂಟೆಗಳೊಳಗೆ ಬಿಳಿ ರಕ್ತಕಣಗಳು ಹಿಡಿದುಕೊಳ್ಳುವ ಐಕ್ಯಾಮ್-1 ಪ್ರೋಟೀನು ಪೊರೆಯ ಮೇಲೆ ಹೆಚ್ಚುತ್ತದೆ, ತಡೆ ಸಡಿಲವಾಗುತ್ತದೆ. ಇಲಿಯ ಕೋಶಗಳಿಗೆ ಇಲಿಯ ಟಿಎನ್‌ಎಫ್ ತರಿಸಿ; ಮಾನವನದು ಇಲಿಯ ಎರಡು ಗ್ರಾಹಕಗಳಲ್ಲಿ ಒಂದಕ್ಕೆ ಮಾತ್ರ ಕೂರುತ್ತದೆ. ನೀರಿನಲ್ಲೋ ಸೀರಮ್‌ನಲ್ಲೋ ಬ್ಯಾಕ್ಟೀರಿಯದ ಎಂಡೋಟಾಕ್ಸಿನ್ ಇದ್ದರೆ ಅದೂ ಇದೇ ಚಿತ್ರವನ್ನು ಮೂಡಿಸುತ್ತದೆ. ಬೇರ್ಪಡಿಸುವ ಉಪಾಯ ಸುಲಭ: ಟಿಎನ್‌ಎಫ್ ಕುದಿಸಿದರೆ ಸಾಯುತ್ತದೆ, ಎಂಡೋಟಾಕ್ಸಿನ್ ಸಾಯುವುದಿಲ್ಲ. ಕುದಿಸಿದ ಮಾದರಿಯೂ ಕೋಶಗಳನ್ನು ಕೆಣಕಿದರೆ ನಿಮ್ಮ ದ್ರಾವಣ ಶುದ್ಧವಿಲ್ಲ.

ತಡೆಯ ಬಿಗಿಯನ್ನು ಅಳೆಯಲು ರಂಧ್ರಗಳಿರುವ ಪೊರೆಯ ಇನ್ಸರ್ಟ್ ಮೇಲೆ ಕೋಶಗಳನ್ನು ಬೆಳೆಸಿ ವಿದ್ಯುತ್ ರೋಧವನ್ನು ನೋಡುತ್ತಾರೆ. ಕೋಶಗಳಿರುವ ಇನ್ಸರ್ಟಿನ ರೋಧ 180 ಓಮ್, ಖಾಲಿ ಇನ್ಸರ್ಟಿನದು 120 ಓಮ್, ಪೊರೆಯ ವಿಸ್ತೀರ್ಣ 1.12 ಚದರ ಸೆಂಟಿಮೀಟರ್ ಆದರೆ, ವ್ಯತ್ಯಾಸವಾದ 60ನ್ನು 1.12ರಿಂದ ಗುಣಿಸಿ ಸುಮಾರು 67 ಓಮ್-ಚದರ ಸೆಂಟಿಮೀಟರ್ ಎಂದು ಬರೆಯಬೇಕು. ಗುಣಿಸುವ ಬದಲು ಭಾಗಿಸಿ ಬರೆದ ಪ್ರಬಂಧಗಳು ಕಡಿಮೆಯಿಲ್ಲ. ಕ್ರೋನ್ ಮತ್ತು ಓಲೆಸೆನ್ 1982ರಲ್ಲಿ ಕಪ್ಪೆಯ ಮಿದುಳಿನ ಮೇಲ್ಮೈ ನಾಳಗಳಲ್ಲಿ ಸುಮಾರು 1870 ಕಂಡಿದ್ದರು. ನಮ್ಮ ಸೆಲ್ ಲೈನ್‌ಗಳು ಸಾಮಾನ್ಯವಾಗಿ 100ರ ಒಳಗೇ ನಿಲ್ಲುತ್ತವೆ. ಇಷ್ಟು ಕಡಿಮೆ ಅಂಕಿಯಲ್ಲಿ ಹತ್ತು-ಹದಿನೈದು ಓಮ್ ಇಳಿಕೆಯನ್ನು ನಂಬುವುದು ಕಷ್ಟ, ಹಾಗಾಗಿ ಸೋಡಿಯಂ ಫ್ಲೂರೆಸಿನ್ ಅಥವಾ 4 ಕಿಲೋಡಾಲ್ಟನ್ ಡೆಕ್ಸ್‌ಟ್ರಾನ್ ದಾಟುವಿಕೆಯನ್ನೂ ಜೊತೆಗೆ ಅಳೆಯಿರಿ. ದ್ರಾವಣ ತಣಿದಂತೆ ರೋಧ ಏರುವುದರಿಂದ, ಡಿಸೆಂಬರಿನ ತಂಪು ಕೋಣೆಯಲ್ಲಿ ತೆಗೆದ ಅಂಕಿಯನ್ನು ಮಾರ್ಚಿನದರೊಂದಿಗೆ ಹೋಲಿಸಬಾರದು; ತಟ್ಟೆ ಯಾವ ಶಾಖದಲ್ಲಿತ್ತು ಎಂಬುದನ್ನು ಪ್ರತಿ ಸಲವೂ ಪುಸ್ತಕದಲ್ಲಿ ಬರೆಯಿರಿ.

ಇನ್ಸರ್ಟಿನಿಂದ ಇನ್ನೊಂದು ಲಾಭವಿದೆ. ಮೇಲಿನ ಕೋಣೆ ರಕ್ತದ ಕಡೆ, ಕೆಳಗಿನದು ಮಿದುಳಿನ ಕಡೆ ಎಂದು ಪರಿಗಣಿಸಿ ಸಂಕೇತವನ್ನು ಯಾವ ಕಡೆಯಿಂದ ಕೊಡುತ್ತೇವೆ ಎಂಬುದನ್ನು ಆರಿಸಬಹುದು. ಕವರ್‌ಸ್ಲಿಪ್ ಮೇಲೆ ನಾವು ತಲುಪುವುದು ರಕ್ತದ ಕಡೆಯ ಮುಖವನ್ನಷ್ಟೇ, ಆದರೆ ದೇಹದಲ್ಲಿ ಮಿದುಳಿನ ಆಸರೆ ಕೋಶಗಳಾದ ಆಸ್ಟ್ರೋಸೈಟುಗಳು ಬಿಡುವ ಎಟಿಪಿ ತಲುಪುವುದು ಇನ್ನೊಂದು ಮುಖವನ್ನು. ಬಾಡಿಗೆಗೋ ಎರವಲಿಗೋ ಇನ್ಸರ್ಟುಗಳು ಸಿಗುವುದಾದರೆ ಎರಡೂ ಕಡೆಯಿಂದ ಒಂದೇ ಪ್ರಮಾಣವನ್ನು ಕೊಟ್ಟು ಹೋಲಿಸುವುದೇ ಒಂದು ಒಳ್ಳೆಯ ಪ್ರಾಜೆಕ್ಟು.

ಎಷ್ಟು ಸಲ ಮಾಡಬೇಕು

ಒಂದು ಕವರ್‌ಸ್ಲಿಪ್ಪಿನಲ್ಲಿ 80 ಕೋಶಗಳನ್ನು ಅಳೆದರೆ ಮಾದರಿಗಳ ಸಂಖ್ಯೆ 80 ಆಗುವುದಿಲ್ಲ. ಅವೆಲ್ಲ ಒಂದೇ ಫ್ಲಾಸ್ಕಿನಿಂದ ಬಂದು, ಒಂದೇ ಬಣ್ಣ ಕುಡಿದು, ಒಂದೇ ಪಿಪೆಟ್ಟಿನ ಹನಿಗೆ ಸ್ಪಂದಿಸಿದವು. ಒಂದು ದಿನದ ಕವರ್‌ಸ್ಲಿಪ್ಪುಗಳ ಸರಾಸರಿಯನ್ನು ಒಂದು ಅಂಕಿಯಾಗಿಟ್ಟು, ಬೇರೆ ಬೇರೆ ಪ್ಯಾಸೇಜುಗಳಿಂದ ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಮೂರು ಸಲ ಮಾಡಿದಾಗ ಮಾತ್ರ ಸಂಖ್ಯೆ ಮೂರು ಎಂದು ಬರೆಯಬಹುದು. ಶಿಖರದ ಎತ್ತರದ ಜೊತೆಗೆ ಎಷ್ಟು ಶೇಕಡಾ ಕೋಶಗಳು ಸ್ಪಂದಿಸಿದವು, ಸಂಕೇತ ಹಾಕಿದ ಎಷ್ಟು ಸೆಕೆಂಡಿಗೆ ಏರಿಕೆ ಆರಂಭವಾಯಿತು ಎಂಬೆರಡನ್ನೂ ಕೋಷ್ಟಕದಲ್ಲಿ ಕೊಡಿ, ಏಕೆಂದರೆ ಪ್ರಮಾಣ ಕಡಿಮೆಯಾದಂತೆ ಎಷ್ಟೋ ಸಲ ಶಿಖರ ಅಷ್ಟೇ ಎತ್ತರವಿದ್ದು, ಸ್ಪಂದಿಸುವ ಕೋಶಗಳ ಸಂಖ್ಯೆ ಇಳಿದು ಅವು ಏಳುವುದು ತಡವಾಗುತ್ತದೆ. ಕಚ್ಚಾ ಚಿತ್ರಗಳನ್ನು ಇಮೇಜ್-ಜೆಯಲ್ಲಿ ಬದಲಿಸಿದ ಮೇಲೂ ಅಳಿಸದೆ, ತಾರೀಖು, ಪ್ಯಾಸೇಜ್ ಸಂಖ್ಯೆ ಮತ್ತು ಕೋಣೆಯ ಶಾಖವನ್ನು ಕಡತದ ಹೆಸರಿನಲ್ಲೇ ಸೇರಿಸಿ ಎರಡು ಕಡೆ ಉಳಿಸಿಡಿ.